ಗುಡ್ಡದ ಮೇಲಿನ ಅಂಚೆ ಕಚೇರಿ

ಹುಟ್ಟಿದ್ದು ವಿಜಯಪುರದ ಕಡೆ. ಮದುವೆಯಾಗಿ ಹೊಸನಗರ ತಾಲೂಕಿನ ಹಳ್ಳಿಗೆ ಬಂದು, ಮೊನ್ನೆ ಮೊನ್ನೆಯವರೆಗೆ ಅಲ್ಲೇ ಪೋಸ್ಟ್ ಮಾಸ್ಟರ್ ಆಗಿದ್ದೆ. ಈ ಕೆಲಸದಲ್ಲಿ ಲಾಭ, ನಷ್ಟ ಬೇರೆ ಬೇರೆ ಬರುವುದಿಲ್ಲ. ವಾರಕ್ಕೊಮ್ಮೆಯಾದರೂ ಎರಡೂ ಒಂದೇ ಚೀಲದಲ್ಲಿ, ಒಂದೇ ಬಸ್ಸಿಗೆ ಬಂದಿಳಿಯುತ್ತವೆ.

೧. ಮನೆಯೇ ಕಚೇರಿ

ಜಾಗ ಪೋಸ್ಟ್ ಮಾಸ್ಟರೇ ಕೊಡಬೇಕಾದ್ದರಿಂದ ನಮ್ಮ ಜಗಲಿಯೇ ಕಚೇರಿ. ಕೆಲಸಕ್ಕೆ ಹೋಗಲು ಬಸ್ಸು ಕಾಯಬೇಕಿಲ್ಲ, ಅದು ಲಾಭ. ಮಗಳನ್ನು ನೋಡಲು ತೀರ್ಥಹಳ್ಳಿಯಿಂದ ಗಂಡಿನ ಕಡೆಯವರು ಬಂದ ದಿನ ಜಗಲಿ ತುಂಬ ಜನ. ಸೀಲು ಹೊಡೆಯುತ್ತಿದ್ದವಳು ತಲೆಯೆತ್ತದೆ, “ಸಾಲಾಗಿ ನಿಲ್ರಿ, ಆಧಾರ್ ಕಾರ್ಡ್ ಕೈಯಾಗ ಹಿಡ್ಕೊಳ್ರಿ” ಎಂದೆ. ವರನ ತಂದೆ ಅರ್ಧ ಗಂಟೆ ನಿಂತು, ಸರದಿ ಬಂದಾಗ ಕಾರ್ಡು ಚಾಚಿದರು.

“ಅಮ್ಮಾ, ಹುಡುಗಿ ನೋಡಕ್ಕೂ ಇದು ಬೇಕಾ?”

ಮುಂದಿನ ವಾರ ಜಾತಕ ವಾಪಸ್ ಬಂತು. ಅದೂ ಕೊರಿಯರಿನಲ್ಲಿ!

೨. ಸಿಗ್ನಲ್

ಆಮೇಲೆ ಮೇಲಿನವರು ಎಲ್ಲ ಕೆಲಸಕ್ಕೂ ಒಂದು ಮೊಬೈಲು ಕೊಟ್ಟರು. ಸಿಗ್ನಲ್ ಕೊಡಲು ಮರೆತರು. ಊರಲ್ಲಿ ಅದು ಸಿಗುವುದು ಒಂದೇ ಕಡೆ, ಗುಡ್ಡದ ಮೇಲಿನ ಸ್ಮಶಾನದಲ್ಲಿ. ದಿನಾ ಹನ್ನೆರಡಕ್ಕೆ ಚೀಲ, ಸೀಲು ಹೊತ್ತು ಹತ್ತುತ್ತಿದ್ದೆ. ಪಿಂಚಣಿಗೆ ಹೆಬ್ಬೆಟ್ಟು ಒತ್ತಲು ಬಂದ ಅಜ್ಜ ಏದುಸಿರು ಬಿಡುತ್ತಾ ಬೈದ:

“ಹೆಂಗೂ ಒಂದಿನ ಬರೋದೇ. ತಿಂಗ್ಳು ತಿಂಗ್ಳು ಎಂತಕ್ಕೆ ಹತ್ತಿಸ್ತೀರಾ?”

೩. ತಪಾಸಣೆ

ನಿವೃತ್ತಿಗೆ ಆರು ತಿಂಗಳಿತ್ತು. ಕಚೇರಿ ವೇಳೆಯಲ್ಲಿ ಬಾಗಿಲು ಹಾಕಿದ್ದು ಕಂಡರೆ ಕೆಲಸ ಹೋದಂತೆಯೇ. ಅಂಥದರಲ್ಲಿ ಒಂದು ದಿನ ಸಾಗರದಿಂದ ತಪಾಸಣೆಯ ಸಾಹೇಬರು ಹೇಳದೆ ಕೇಳದೆ ಬಂದರು. ಗುಡ್ಡ ಇಳಿದು ಬರುತ್ತೇನೆ, ನನ್ನದೇ ಬೀಗದ ಮುಂದೆ ನಿಂತು ನಾನು ಅಂಟಿಸಿದ ಚೀಟಿ ಓದುತ್ತಿದ್ದಾರೆ: ‘ಕಚೇರಿ ಸ್ಮಶಾನದಲ್ಲಿದೆ. ಎರಡು ಗಂಟೆವರೆಗೆ.’

“ಏನಮ್ಮಾ ಇದು, ತಮಾಷೆನಾ? ಇಲ್ಲಿಂದಲೇ ವರದಿ ಕಳಿಸ್ತೀನಿ. ಇವತ್ತಿಗೆ ನಿಮ್ಮ ಕೆಲಸ ಮುಗೀತು!”

“ಕಳಸ್ರಿ ಸಾಹೇಬ್ರ” ಎಂದೆ.

ವರದಿ ಹೋಗಲಿಲ್ಲ. ಅವರು ಅಂಗಳಕ್ಕಿಳಿದರು. ಬೆಂಚು ಹತ್ತಿದರು. ಮೊಬೈಲು ಹಿಡಿದು ಕೈ ಮೇಲೆತ್ತಿದರು. ಮೂರು ಗಂಟೆಯೊಳಗೆ ಫೋಟೋ ಸಮೇತ ಹೋಗದಿದ್ದರೆ ಅವರಿಗೇ ನೋಟೀಸು. ಎರಡೂವರೆಗೆ ದನಿ ಸಣ್ಣದಾಯಿತು.

“ಆ ಸ್ಮಶಾನ... ದೂರವಾ?”

ಗುಡ್ಡ ಹತ್ತಿಸಿದೆ. ಚಿತೆ ಕಟ್ಟೆಯ ಪಕ್ಕ ಕೂತು, ಬೆವರು ಒರೆಸಿಕೊಂಡು, ವರದಿಯನ್ನು ಹೊಸದಾಗಿ ಬರೆದರು. ಕಳಿಸುವ ಮೊದಲು ನನಗೂ ತೋರಿಸಿದರು:

‘ಕಚೇರಿ ತೆರೆದಿತ್ತು. ಗಾಳಿ ಬೆಳಕು ಚೆನ್ನಾಗಿದೆ. ಅಕ್ಕಪಕ್ಕದವರಿಂದ ಯಾವುದೇ ದೂರು ಇಲ್ಲ.’