ಠಾಣೆಗೆ ಹೋದ ಕೋವಿ

ಮಗಳು ತೊಂಡೆಕಾಯಿ ಪಲ್ಯ ತಿನ್ನುವುದಿಲ್ಲವೆಂದು ಹಟ ಹಿಡಿದಾಗಲೆಲ್ಲ ದುಗ್ಗು ಒಂದು ಕಾಡುಹಂದಿ ಹೊಡೆಯುತ್ತಿದ್ದ. ಗಲ್ಫಿನ ಅಲ್ ವಕ್ರಾದ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇಷ್ಟು ವರ್ಷಗಳಲ್ಲಿ ಅವನ ಕಥೆಗಳಲ್ಲಿ ಸತ್ತ ಹಂದಿಗಳನ್ನೆಲ್ಲ ಎಣಿಸಿದರೆ ಕಾರ್ಕಳದ ಕಡೆ ಒಂದೂ ಉಳಿದಿರಬಾರದು. ಗ್ರೀಷ್ಮಾ ಪಲ್ಯ ತಿಂದಳು, ಹನ್ನೆರಡು ವರ್ಷ ತುಂಬಿಸಿಕೊಂಡಳು. ಕೊನೆಗೆ ಶಾಲೆ ಕೊಟ್ಟ ಒಂದು ಫಾರಂನಲ್ಲಿ ‘ತಂದೆಯ ಅನುಭವ’ ಎಂಬಲ್ಲಿ ‘ಬೇಟೆ, ಹದಿನೈದು ವರ್ಷ’ ಎಂದು ಚಂದದ ಇಂಗ್ಲಿಷಿನಲ್ಲಿ ಬರೆದುಕೊಟ್ಟಳು.

ಅದು ಲುಸೈಲ್ ಕಡೆಯ ಒಂದು ಶೂಟಿಂಗ್ ರೇಂಜಿನ ಫಾರಂ. ಚಳಿಗಾಲ ಮುಗಿಯುವವರೆಗೆ ಪ್ರತಿ ಶುಕ್ರವಾರ ಮಕ್ಕಳಿಗೆ ಬೇಟೆ ರೈಫಲ್ ಕಲಿಸುತ್ತಾರೆ. ಉಳಿದದ್ದು ಒಂದೇ ಸೀಟು, ಕೇಳಿದ ಮಕ್ಕಳು ಇಬ್ಬರು. ಅನುಭವವಿರುವ ತಂದೆಯೋ ತಾಯಿಯೋ ಬಂದು ಗುಂಡು ಆರಿಸಬೇಕು, ಮಗುವಿಗೆ ಮೊದಲ ಪಾಠ ಹೇಳಬೇಕು, ಒಂದು ಗುಂಡು ಹೊಡೆದು ತೋರಿಸಬೇಕು. ಈ ಶುಕ್ರವಾರ ಮಧ್ಯಾಹ್ನ ಮೂರಕ್ಕೆ.

“ನಿಮ್ಮ ಕೈಯಲ್ಲಿ ಒಂದು ಸೊಳ್ಳೆ ಸತ್ತದ್ದು ನಾನು ನೋಡ್ಲಿಲ್ಲ,” ಎಂದಳು ಹೆಂಡತಿ ಭವ್ಯಶ್ರೀ, ಬಂಗುಡೆ ತೊಳೆಯುತ್ತ. “ಅವಳಿಗೆ ಸತ್ಯ ಹೇಳಿಬಿಡಿ.”

“ಹೇಳಿದ್ರೆ ಸೀಟು ಹೋಗ್ತದೆ. ಮೂರು ದಿನದಿಂದ ಪೊರಕೆ ಹಿಡ್ಕೊಂಡು ಗುರಿ ನೋಡ್ತಿದ್ದಾಳೆ, ನೋಡಿದೆಯಲ್ಲ?”

ನೋಡದಿರುವುದು ಹೇಗೆ? ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ, ಮೊದಲ ಸಲ ತಾನಾಗಿ ಏನನ್ನೋ ಬೇಕೆಂದು ಕೇಳಿದ್ದಳು.

ಸುದ್ದಿ ಲಿಫ್ಟಿಗಿಂತ ಬೇಗ ಮಹಡಿ ಹತ್ತಿತು. ಮೇಲಿನ ಮನೆಯ ಅಬ್ದುಲ್ ಲತೀಫ್ ಶುಕ್ರವಾರ ಬೆಳಗಿನ ಚಹಾದ ಹೊತ್ತಿಗೇ ಬಂದು ಕೂತ. ಅವನದು ಟಯರಿನ ವ್ಯಾಪಾರ, ಆದರೆ ಗೊತ್ತಿಲ್ಲದ ವಿಷಯ ಒಂದೂ ಇರಲಿಲ್ಲ.

“ದುಗ್ಗಣ್ಣ, ಗುಂಡು ಭಾರದ್ದೇ ತಗೊಳ್ಳಿ. ಮಾವಿನಕಾಯಿಗೆ ಕಲ್ಲು ಬಿಸಾಡುವಾಗ ಹಗುರದ್ದು ಬಿಸಾಡ್ತೇವಾ?”

“ಮಗು ಹೊಡೆಯೋದಲ್ವಾ ಲತೀಫಾಕ?”

“ಮಗು ಅಂತ ಮಾವಿನಕಾಯಿಗೆ ಗೊತ್ತುಂಟಾ?”

ಅಷ್ಟರಲ್ಲಿ ಎದುರು ಫ್ಲ್ಯಾಟಿನ ಕಜೆತಾನ್ ಬಾಗಿಲಲ್ಲಿ ಕಾಣಿಸಿಕೊಂಡ. ಸೀಟು ಕೇಳಿದ ಇನ್ನೊಬ್ಬ ಹುಡುಗ ಇವನ ಮಗ ಬ್ರಯನ್. ಕಜೆತಾನ್ ಆಗಲೇ ಹಸಿರು ಟೊಪ್ಪಿ, ಎಂಟು ಕಿಸೆಯ ಜಾಕೆಟ್ಟು ತೊಟ್ಟು, ಮದುವೆಗೆ ಮೂರು ತಾಸು ಮೊದಲೇ ಬಂದ ಬ್ಯಾಂಡಿನವನಂತೆ ನಿಂತಿದ್ದ.

“ದುಗ್ಗು, ಹಂದಿ ಹೊಡ್ದವ ನೀನು. ಆದ್ರೆ ನಮ್ಮ ಮಾವ ಕಾಟಿ ಹೊಡ್ದವ, ಕಾಡುಕೋಣ, ಗೊತ್ತುಂಟಲ್ಲ? ನೋಡುವ ಇವತ್ತು!”

ರೇಂಜಿನಲ್ಲಿ ಕೋಚ್ ನಹ್ಲಾ ಕಾಯುತ್ತಿದ್ದಳು. ತೆಳ್ಳಗಿನ ಹೆಂಗಸು. ಸುಳ್ಳನ್ನು ಐವತ್ತು ಮೀಟರಿನಿಂದ ಗುರುತಿಸುವಂಥ ಕಣ್ಣು. ಮೇಜಿನ ಮೇಲೆ ಎರಡು ಸಣ್ಣ ಬೇಟೆ ರೈಫಲುಗಳು, ಎದುರು ಮೂರು ಬಗೆಯ ಗುಂಡಿನ ಪೆಟ್ಟಿಗೆಗಳು.

“ಯಲ್ಲಾ, ಬೇಗ ಹೇಳಿ, ಮಕ್ಕಳಿಗೆ ಯಾವುದು?”

ಕಜೆತಾನ್ ತಡಮಾಡದೆ ಹೆಬ್ಬೆರಳ ಗಾತ್ರದ್ದನ್ನು ಎತ್ತಿದ. “ಇದು! ಒಂದೇ ಏಟಿಗೆ ಬೀಳ್ಬೇಕು.”

“ಇಲ್ಲಿ ಬೀಳಬೇಕಾದ್ದು ಕಾಗದ,” ಎಂದಳು ನಹ್ಲಾ. “ಅದು ಈ ನಳಿಗೆಗೆ ಹೋಗುವುದೂ ಇಲ್ಲ.”

ದುಗ್ಗುವಿನ ಸರದಿ. ಒಂದು ಪೆಟ್ಟಿಗೆಯನ್ನು ಕಿವಿಯ ಬಳಿ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿದ. ಇನ್ನೊಂದನ್ನು ಒಣಮೀನಿನಂತೆ ಮೂಸಿದ. ಲತೀಫನ ಮಾವಿನಕಾಯಿ ನೆನಪಾಗಿ ಕೈ ಭಾರದ ಪೆಟ್ಟಿಗೆಯತ್ತ ಹೋಗುವಷ್ಟರಲ್ಲಿ, ರೈಫಲಿನ ನಳಿಗೆಯ ಮೇಲೆ ಕೆತ್ತಿದ ಒಂದು ಸಂಖ್ಯೆ ಕಣ್ಣಿಗೆ ಬಿತ್ತು. ದುಗ್ಗು ಹದಿನಾಲ್ಕು ವರ್ಷದಿಂದ ಸ್ಟೋರ್‌ಕೀಪರ್. ಕೋವಿ ಗೊತ್ತಿಲ್ಲದಿರಬಹುದು, ಯಾವ ನಟ್ಟಿಗೆ ಯಾವ ಬೋಲ್ಟು ಎಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಅದೇ ಸಂಖ್ಯೆಯ ಚಿಕ್ಕ ಪೆಟ್ಟಿಗೆಯನ್ನು ಮುಂದೆ ಸರಿಸಿದ.

“ತುಂಬ ಒಳ್ಳೆಯದು,” ಎಂದಳು ನಹ್ಲಾ. “ಬೇಟೆಗಾರರು ಹೀಗೆ ಮೂಸಿ ನೋಡುವುದನ್ನು ನಾನು ಮೊದಲ ಸಲ ಕಂಡೆ.”

ಗ್ರೀಷ್ಮಾ ಹೆಮ್ಮೆಯಿಂದ ಅಪ್ಪನ ಅಂಗಿ ಹಿಡಿದುಕೊಂಡಳು.

“ಈಗ ಮೊದಲ ಪಾಠ.”

ಕಜೆತಾನ್ ಮಗನಿಗೆ ಕಾಟಿ ಹೇಗೆ ನುಗ್ಗಿ ಬರುತ್ತದೆಂದು ಎರಡು ಕೈ ಕೊಂಬು ಮಾಡಿ ತೋರಿಸತೊಡಗಿದ. ದುಗ್ಗುವಿಗೆ ಕೋವಿಯ ಬಗ್ಗೆ ನಿಜವಾಗಿ ಗೊತ್ತಿದ್ದದ್ದು ಒಂದೇ: ಅದನ್ನು ಪೊಲೀಸ್ ಠಾಣೆಗೆ ಒಯ್ಯುವುದು. ಅಪ್ಪನ ಬಳಿ ಬೆಳೆ ಕಾಯುವ ಲೈಸನ್ಸಿನ ಕೋವಿ ಇತ್ತು, ಸತ್ಯ. ಆದರೆ ಚುನಾವಣೆ ಬಂತೆಂದರೆ ಲೈಸನ್ಸಿನ ಕೋವಿಗಳೆಲ್ಲ ಠಾಣೆಯಲ್ಲಿರಬೇಕು. ಪಂಚಾಯತಿನದು ಮುಗಿದರೆ ವಿಧಾನಸಭೆ, ಅದು ಮುಗಿದರೆ ಲೋಕಸಭೆ, ನಡುವೆ ಯಾರಾದರೂ ರಾಜೀನಾಮೆ ಕೊಟ್ಟರೆ ಮತ್ತೊಂದು. ಕೋವಿ ಮನೆಗಿಂತ ಹೆಚ್ಚು ಠಾಣೆಯಲ್ಲೇ ಸಂಸಾರ ಮಾಡಿತ್ತು. ಅದನ್ನು ಗೋಣಿಯಲ್ಲಿ ಸುತ್ತಿ, ಅಪ್ಪನ ಜೊತೆ ಹೊತ್ತೊಯ್ದು ಹೊತ್ತು ತಂದದ್ದೇ ದುಗ್ಗುವಿನ ಹದಿನೈದು ವರ್ಷದ ಬೇಟೆ.

ಬೇರೆ ಬಂಡವಾಳವಿಲ್ಲದೆ ಅವನು ಅದನ್ನೇ ಹೇಳಿದ, ನಹ್ಲಾಗೂ ತಿಳಿಯಲೆಂದು ನಡುನಡುವೆ ಇಂಗ್ಲಿಷ್ ಬೆರೆಸಿ.

“ನೋಡು ಮಗಾ, ನಳಿಗೆ ಯಾವಾಗಲೂ ನೆಲಕ್ಕೆ, ಇಲ್ಲಾಂದ್ರೆ ಗುರಿಗೆ. ಮನುಷ್ಯರ ಕಡೆ ತಮಾಷೆಗೂ ತಿರುಗಬಾರದು. ಬೆರಳು ಹೊರಗೆ. ಇನ್ನೊಂದು, ನಿನ್ನಜ್ಜ ದಾರಿಯುದ್ದಕ್ಕೂ ಹೇಳ್ತಿದ್ರು: ಖಾಲಿ ಉಂಟು ಅಂತ ದೇವರ ಮೇಲೆ ಆಣೆ ಹಾಕಿದ್ರೂ ನಂಬಬಾರದು. ತೆರೆದು ನೋಡಬೇಕು.”

“ಪೊಲೀಸ್ ಹೇಳಿದ್ರೂ?”

“ಪೊಲೀಸ್ ಹೇಳಿದ್ರೆ ಎರಡು ಸಲ ನೋಡಬೇಕು.”

ನಹ್ಲಾ ಏನನ್ನೋ ಬರೆದುಕೊಂಡಳು.

ಈಗ ಗುಂಡು. ಇಬ್ಬರೂ ಅಕ್ಕಪಕ್ಕ ನಿಂತರು. ಕಜೆತಾನ್ ಎರಡನೆಯ ಸಾಲಿನಲ್ಲಿ, ದುಗ್ಗು ಮೂರನೆಯದರಲ್ಲಿ, ಎದುರು ಒಬ್ಬೊಬ್ಬರಿಗೆ ಒಂದೊಂದು ಕಾಗದ. ದುಗ್ಗುವಿನ ಕನ್ನಡಕದ ಮೇಲೆ ಬೆವರು ಹರಿದು ಕಾಗದಗಳು ನಾಲ್ಕಾದವು. ಅವುಗಳಲ್ಲಿ ಹೆಚ್ಚು ಮರ್ಯಾದಸ್ಥವಾಗಿ ಕಂಡ ಒಂದಕ್ಕೆ ಗುರಿಯಿಟ್ಟ. ಕಜೆತಾನ್ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ್ದ.

“ಮೂರು, ಎರಡು, ಒಂದು, ಯಲ್ಲಾ!”

ಢಂ!

ತಂತಿಯ ಮೇಲೆ ಕಾಗದಗಳು ಜಾರಿ ಬಂದವು. ದುಗ್ಗುವಿನದು ಹೊಸ ವೇಷ್ಟಿಯಂತೆ ಬಿಳಿ. ಕಜೆತಾನನದರ ನಡುಮಧ್ಯೆ, ಕುಂಕುಮ ಇಟ್ಟ ಹಾಗೆ, ಒಂದು ತೂತು.

“ಜೆಜು!” ಕಜೆತಾನ್ ಟೊಪ್ಪಿ ಹಾರಿಸಿದ. “ಮಾವನ ರಕ್ತ ಇದು! ಬ್ರಯನ್, ಬಾ, ಗನ್ ಹಿಡ್ಕೋ, ಒಂದು ಫೋಟೋ. ಖಾಲಿ ಉಂಟು, ಖಲಾಸ್!”

ದುಗ್ಗು ಮಗಳ ಮುಖ ನೋಡಲಾರದೆ ಕಾಗದ ನೋಡಿದ. ಸೀಟು ಹೋಯಿತು. ಹಂದಿಗಳೂ ಹೋದವು.

“ಬ್ರಯನ್, ಸ್ಟಾಪ್! ಮುಟ್ಟಬೇಡ!”

ಆ ದನಿ ಗ್ರೀಷ್ಮಾಳದು. ರೇಂಜಿನಲ್ಲಿದ್ದವರೆಲ್ಲ ತಿರುಗಿದರು. “ಕೋಚ್, ಅಂಕಲ್ ಓಪನ್ ಮಾಡಿ ನೋಡಲೇ ಇಲ್ಲ. ಖಾಲಿ ಅಂತ ಹೇಳಿದ್ರು ಮಾತ್ರ.”

ನಹ್ಲಾ ಎರಡೇ ಹೆಜ್ಜೆಯಲ್ಲಿ ಬಂದು, ನಳಿಗೆ ಗುರಿಯ ಕಡೆಗಿಟ್ಟು ರೈಫಲ್ ತೆರೆದಳು. ಒಳಗಿನಿಂದ ಸಿಡಿಯದ ಗುಂಡೊಂದು ಟಣ್ಣನೆ ನೆಲಕ್ಕೆ ಬಿದ್ದು ಉರುಳುತ್ತ ಹೋಗಿ ಕಜೆತಾನನ ಬೂಟಿನ ಬಳಿ ನಿಂತಿತು.

ಅವನು ರೈಫಲಿನ ಸೇಫ್ಟಿ ಲಾಕ್ ತೆಗೆದಿರಲೇ ಇಲ್ಲ. ಢಂ ಎಂದದ್ದು ದುಗ್ಗುವಿನ ರೈಫಲ್. ಆ ತೂತೂ ದುಗ್ಗುವಿನದೇ.

ಕಜೆತಾನ್ ಬ್ರಯನನನ್ನು ತಬ್ಬಿ ಹಿಡಿದುಕೊಂಡ. ಮುಖ ಸುಣ್ಣದಂತಾಗಿತ್ತು. “ಮಾರಾಯ್ತಿ,” ಎಂದ ಗ್ರೀಷ್ಮಾಳಿಗೆ, “ಸೀಟು ನಿಂಗೇ. ನಾನೇ ಹೇಳ್ತೇನೆ. ಇವ ಬರುವ ವರ್ಷ ಬರ್ಲಿ.”

“ಹುಡುಗಿ ಪಾಸು,” ಎಂದಳು ನಹ್ಲಾ. ಬಳಿಕ ದುಗ್ಗುವಿನತ್ತ ತಿರುಗಿದಳು. “ಹದಿನೈದು ವರ್ಷ ಹಂದಿ ಹೊಡೆದವರು ಪಕ್ಕದವರ ಕಾಗದಕ್ಕೆ ಹೊಡೆಯುತ್ತಾರೆಯೇ?”

ದುಗ್ಗು ಮಗಳನ್ನು ನೋಡಿದ. ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಗೋಣಿ, ಠಾಣೆ, ಚುನಾವಣೆ, ಪಲ್ಯ, ಎಲ್ಲ ಹೇಳಿದ.

“ಐ ನೋ, ಅಪ್ಪ,” ಎಂದಳು ಗ್ರೀಷ್ಮಾ. “ಹಂದಿ ಪ್ರತಿ ಸಲ ಬೇರೆ ಕಡೆಯಿಂದ ಬರ್ತಿತ್ತು. ಆದ್ರೂ ನೀವು ಬಂದ್ರಲ್ಲ.”

ನಹ್ಲಾ ನಗಲಿಲ್ಲ. “ಅಂದರೆ ಇಷ್ಟು ವರ್ಷ ಕೋವಿ ಹೊತ್ತಿದ್ದೀರಿ, ಜೋಪಾನವಾಗಿ ಒಪ್ಪಿಸಿ ಬಂದಿದ್ದೀರಿ, ಒಂದು ಗುಂಡನ್ನೂ ಹೊಡೆದಿಲ್ಲ?”

“ಹೌದು ಮೇಡಂ. ಮಾಫಿ, ಒಂದೂ ಇಲ್ಲ.”

“ಇಂಥವರನ್ನೇ ನಾನು ಹುಡುಕುತ್ತಿದ್ದೆ. ಫಾರಂನಲ್ಲಿ ಸುಳ್ಳು ಬರೆದದ್ದಕ್ಕೆ ದಂಡ ಅಂದುಕೊಳ್ಳಿ.”

ಸಂಜೆ ಮನೆಗೆ ಬಂದಾಗ ಬಂಗುಡೆ ತಣ್ಣಗಾಗಿತ್ತು. ಗ್ರೀಷ್ಮಾ ಅಮ್ಮನನ್ನು ತಬ್ಬಿ ಕುಣಿಯುತ್ತಿದ್ದಳು. ದುಗ್ಗು ಹೆಗಲು ತಿಕ್ಕಿಕೊಳ್ಳುತ್ತ ಕುರ್ಚಿಯಲ್ಲಿ ಕುಸಿದ. ವಾರಕ್ಕೆ ಸಿಗುವ ಒಂದೇ ಮಧ್ಯಾಹ್ನದ ನಿದ್ದೆ ಚಳಿಗಾಲ ಮುಗಿಯುವವರೆಗೆ ಹೋದಂತಾಗಿತ್ತು. ನಹ್ಲಾ ಹಾಕಿದ ದಂಡವೆಂದರೆ, ರೇಂಜಿನ ಕಪಾಟಿನಿಂದ ಎಂಟು ರೈಫಲ್ ಹೊತ್ತು ತರಬೇಕು, ಮಕ್ಕಳು ಹೊಡೆದಾದ ಮೇಲೆ ಎಂಟನ್ನೂ ತೆರೆದು ನೋಡಿ, ಹೊತ್ತೊಯ್ದು ಬೀಗ ಹಾಕಬೇಕು.

“ಅವಳಿಗೆ ಸೀಟು ಸಿಕ್ಕಿತಲ್ಲ, ನಿಮಗೆಂತ ಆಯ್ತು?” ಎಂದಳು ಭವ್ಯಶ್ರೀ.

“ಊರಲ್ಲಿ ವರ್ಷಕ್ಕೊಂದು ಚುನಾವಣೆ ಇತ್ತು,” ಎಂದ ದುಗ್ಗು. “ಇಲ್ಲಿ ಪ್ರತಿ ಶುಕ್ರವಾರ.”