ಲಾರಿ, ಜೀಪುಗಳನ್ನು ಹಳ್ಳಕ್ಕೆ ನೂಕಿಸಿದ ಅಧ್ಯಕ್ಷರಿಗೆ

ಗ್ರಾಮಸೌಂದರ್ಯ ಸಮಿತಿಯ ಅಧ್ಯಕ್ಷರೂ, ಊರಿನಲ್ಲಿ ಕಣ್ಣಿಗೆ ಬೀಳುವ ಕೊಳೆಯೆಲ್ಲದರ ಕಡುವೈರಿಗಳೂ ಆದ ಮಾನ್ಯರೇ,

ಮೂಡಲಗಿ ರಸ್ತೆಯ ಬದಿಯಲ್ಲಿ ಸತ್ತ ಗಾಡಿಗಳನ್ನು ಬಿಚ್ಚಿ ಬಿಡಿಭಾಗ ಮಾರಿ ಹೊಟ್ಟೆ ಹೊರೆಯುವ ಕೇದಾರಿಯಾದ ನಾನು, ಎಣ್ಣೆಗೈಯಲ್ಲೇ ತಮಗೆ ಸಾಷ್ಟಾಂಗ ನಮಸ್ಕರಿಸಿ ಬರೆಯುವುದೇನೆಂದರೆ, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದು ಲಾರಿ, ಒಂದು ಜೀಪು ನನ್ನ ಅಂಗಳದಲ್ಲಿದ್ದವು. ದೊಡ್ಡ ಸಾಹೇಬರ ಸವಾರಿ ಬರುವ ಮುನ್ನಾದಿನ ತಾವು ಇಪ್ಪತ್ತು ಆಳು ಹಚ್ಚಿ ಅವೆರಡನ್ನೂ ಹಳ್ಳಕ್ಕೆ ನೂಕಿಸಿ ಊರನ್ನು ಸುಂದರಗೊಳಿಸಿದಿರಿ. ಸಾಹೇಬರು ಕಾರಿನಿಂದ ಇಳಿಯಲೇ ಇಲ್ಲ, ಅದು ಬೇರೆ ಮಾತು.

ಎಂಜಿನ್ನಿನ ಎಣ್ಣೆಯನ್ನಾದರೂ ಡಬ್ಬಿಗೆ ಬಸಿದುಕೊಳ್ಳುತ್ತೇನೆ, ಎರಡು ದಿನ ತಡೆಯಿರಿ ಎಂದು ಬೇಡಿಕೊಂಡೆ. ಗುಜರಿಯವನಿಂದ ಸ್ವಚ್ಛತೆಯ ಪಾಠ ಬೇಕಿಲ್ಲವೆಂದು ಅಪ್ಪಣೆಯಾಯಿತು. ನಿಜ, ನನಗೇನು ತಿಳಿದೀತು? ಇದೇ ಗುಜರಿಯಿಂದ ಹೋದ ಎಂಜಿನ್ನು ನಾಗನೂರಿನ ಶೆಟ್ಟೆವ್ವನ ಬಾವಿಯಿಂದ ನೀರೆತ್ತುತ್ತಿದೆ, ಸವೆದ ಟಾಯರು ಕುರಿ ಕಾಯುವ ಬೀರಸಿದ್ದಪ್ಪನ ಕಾಲಲ್ಲಿ ಚಪ್ಪಲಿಯಾಗಿ ಮುಳ್ಳು ತುಳಿಯುತ್ತಿದೆ, ಬಸಿದ ಎಣ್ಣೆ ಊರಿನ ಚಕ್ಕಡಿಗಳ ಅಚ್ಚಿಗೆ ಹೋಗಿದೆ. ಹನ್ನೊಂದು ವರ್ಷದಲ್ಲಿ ಒಂದು ಹನಿಯನ್ನೂ ನೆಲಕ್ಕೆ ಚೆಲ್ಲಿದವನಲ್ಲ ನಾನು. ಇಂಥ ಕೊಳಕನನ್ನು ತಾವು ಇಷ್ಟು ದಿನ ಸಹಿಸಿದ್ದೇ ಹೆಚ್ಚು.

ಈಗ ಹಳ್ಳದ ನೀರಿನ ಮೇಲೆ ಏಳು ಬಣ್ಣ ಮೂಡಿದೆ. ಇಷ್ಟು ಅಂದದ ನೀರು ನಮ್ಮ ಹಿರಿಯರ ಕಾಲಕ್ಕೂ ಇರಲಿಲ್ಲ. ಆದರೆ ಸಾತವ್ವನ ಎಮ್ಮೆಗೆ ಸೌಂದರ್ಯಪ್ರಜ್ಞೆ ಸಾಲದು, ಮೂಸಿ ನೋಡಿ ಮೂತಿ ತಿರುಗಿಸಿ ಬಂತು. ದಯಮಾಡಿ ಅದಕ್ಕೊಂದು ನೋಟೀಸು ಜಾರಿ ಮಾಡಬೇಕು. ಹೆಂಗಸರು ಕೊಡ ತುಂಬುವ ಹೊತ್ತಿಗೆ ಎಣ್ಣೆಯು ಆಚೆ ದಡಕ್ಕೆ ಸರಿದು ನಿಲ್ಲತಕ್ಕದ್ದೆಂದು ಠರಾವು ಪಾಸು ಮಾಡಬೇಕು. ಮೀನುಗಳು ಸಾಯುವುದಿದ್ದರೆ ತಳದಲ್ಲೇ ಸಾಯಲಿ, ತೇಲಿ ಬಂದು ಊರಿನ ಅಂದ ಕೆಡಿಸಬಾರದೆಂದು ತಾಕೀತು ಮಾಡಬೇಕು.

ತಮಾಷೆಗೆ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಮೊನ್ನೆ ನನ್ನ ಮಾವ ಹೊಳೆಪ್ಪ ಘೋಡಗೇರಿಯಿಂದ ಸುಡುಬಿಸಿಲಲ್ಲಿ ನಡೆದು ಮಗಳನ್ನು ನೋಡಲು ಬಂದರು. ಹಳ್ಳ ಕೆಟ್ಟ ಮೇಲೆ ನಾವು ನಾಗನೂರಿನ ಬಾವಿಯಿಂದ ಹೊತ್ತು ತರುವ ಕೊಡ ಆಗಲೇ ಬರಿದಾಗಿತ್ತು. ಬಂದವರಿಗೆ ಬೆಲ್ಲ ನೀರು ಕೊಡದೆ ಮಾತನ್ನೇ ಆಡಿಸದ ನನ್ನ ಹೆಂಡತಿ ಪದ್ಮವ್ವ, ತಂದೆಯ ಮುಂದೆ ಬೆಲ್ಲದ ತುಣುಕೊಂದನ್ನೇ ಇಟ್ಟು, "ಯಪ್ಪಾ, ಹಳ್ಳದ ನೀರು ನಾರಾಕತ್ತೈತಿ, ಹೆಂಗ ಕೊಡ್ಲಿ? ಬೆಲ್ಲ ಅಷ್ಟ ತಿನ್ನು" ಎಂದು ಗೋಡೆಯ ಕಡೆ ತಿರುಗಿ ಅತ್ತಳು. ಮುದುಕರು ಒಣಬಾಯಲ್ಲೇ ಬೆಲ್ಲ ನುಂಗಿದರು. ನನಗೆ ನಾಚಿಕೆಯಿಂದ ಸತ್ತಂತಾಯಿತು. ಆ ನಾಚಿಕೆ ತಮ್ಮ ಪಾಲಿನದು, ತಪ್ಪಿ ನನ್ನ ಮನೆಗೆ ಬಂದಿದೆ. ಹಳ್ಳದಲ್ಲಿ ಬಿದ್ದವುಗಳನ್ನು ಮೇಲೆತ್ತಿಸಿಕೊಡಿ, ಉಳಿದ ಕೊಳಕು ಕೆಲಸ ನಾನು ಮಾಡುತ್ತೇನೆ.

ತಮ್ಮ ಸೌಂದರ್ಯದೃಷ್ಟಿಯಿಂದ ಬಾಯಾರಿರುವ,
ತಮ್ಮ ವಿಶ್ವಾಸಿ,
ಕೇದಾರಿ

ತಾ.ಕ.: ಹುಕ್ಕೇರಿ ರಸ್ತೆಯಲ್ಲಿ ತಮ್ಮ ಜೀಪಿನ ಸ್ಪ್ರಿಂಗ್ ಪಟ್ಟಿ ಮುರಿದಿದೆಯೆಂದೂ, ಹಳೆಯದೊಂದು ತುರ್ತಾಗಿ ಬೇಕೆಂದೂ ತಮ್ಮ ಡ್ರೈವರ್ ವೀರಪ್ಪ ನಿನ್ನೆ ಬಂದಿದ್ದ. ಅದಕ್ಕೆ ಹೊಂದುವ ಪಟ್ಟಿ ಹಳ್ಳದಲ್ಲಿ ಮಲಗಿರುವ ಜೀಪಿನಲ್ಲಿದೆ, ತಾವೇ ಬಂದು ಎತ್ತಿಸಿಕೊಂಡು ಹೋಗಬೇಕು. ಬಂದವರನ್ನು ಹಾಗೆಯೇ ಕಳಿಸುವ ಮನೆ ನಮ್ಮದಲ್ಲ. ಅದೇ ಹಳ್ಳದ ನೀರನ್ನು ಒಂದು ತಂಬಿಗೆ ತುಂಬಿ ಪದ್ಮವ್ವ ತಮಗೆಂದೇ ಮುಚ್ಚಿಟ್ಟಿದ್ದಾಳೆ. ಬೆಲ್ಲ ಮಾತ್ರ ಕೊಡುವುದಿಲ್ಲವಂತೆ.