ಮರವಿಲ್ಲದ ತೋಟಕ್ಕೆ ಮುಂಗಡ

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ವ್ಯಾಪಾರ ಮಾಡುತ್ತಿರುವ ನನಗೆ ಯಾರೂ ಟೋಪಿ ಹಾಕಿಲ್ಲ. (ಹಾಕಲು ಬಂದವರ ಟೋಪಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ.) ಬುರುಡೆಯನ್ನು ಬೆರಳಲ್ಲಿ ತಟ್ಟಿ ಒಳಗೆ ನೀರೆಷ್ಟು, ಗಂಜಿ ಎಷ್ಟು ಎಂದು ಹೇಳಬಲ್ಲೆ. ಅಂಥ ನಾನು ಒಂದು ಮೊಬೈಲಿನ ಮುಂದೆ ಕಣ್ಣುಕಣ್ಣು ಬಿಟ್ಟ ಕಥೆ ಇದು. ನನ್ನ ಹೆಂಡತಿ ಹೊಂಬಾಳಮ್ಮ ಹೇಳುವ ಮೊದಲು ನಾನೇ ಹೇಳಿದರೆ ಮರ್ಯಾದೆ ಒಂಚೂರು ಉಳಿದೀತು.

ಷೇರುಪೇಟೆಯ ಆಪ್ಷನ್ ಅಂದರೆ ನಮ್ಮ ಮುಂಗಡದ ವ್ಯವಹಾರವೇ ಎಂದು ಪಕ್ಕದ ಮಂಡಿಯ ಮರಿಸಿದ್ದಯ್ಯ ಹೇಳಿಕೊಟ್ಟಿದ್ದ. ನಿಫ್ಟಿ ಎಂಬ ಷೇರು ಸೂಚ್ಯಂಕ ಮಂಗಳವಾರ ಮೂರೂವರೆಯ ಗಡುವಿಗೆ ಇಪ್ಪತ್ತೈದು ಸಾವಿರ ದಾಟಿ ನಿಲ್ಲುತ್ತದೆ ಎಂದು ಮುಂಗಡ ಕಟ್ಟಬೇಕು. ದಾಟಿ ನಿಂತರೆ ದಾಟಿದಷ್ಟೂ ನನಗೆ. ಇಲ್ಲದಿದ್ದರೆ ಮುಂಗಡ ಎದುರಿನವನಿಗೆ. ಕಟ್ಟಿದೆ, ಒಂಬತ್ತು ಸಾವಿರ. ಅದು ಹೊಂಬಾಳಮ್ಮ ತನ್ನ ಬೆಳಕವಾಡಿ ತೋಟಕ್ಕೆ ಹನಿ ನೀರಾವರಿ ಪೈಪು ತರಿಸಲು ಎತ್ತಿಟ್ಟಿದ್ದ ದುಡ್ಡು. ಮಂಗಳವಾರ ಮಧ್ಯಾಹ್ನ ಪೈಪಿನಂಗಡಿಯವನು ದುಡ್ಡು ಬಂದಿಲ್ಲವೆಂದು ಅವಳಿಗೆ ಫೋನ್ ಮಾಡಿದ್ದರಿಂದ, ಊಟಕ್ಕೆ ಕೂತ ನಾನು ಸತ್ಯವನ್ನು ನಿವೇದಿಸಿಕೊಳ್ಳಬೇಕಾಯಿತು.

"ಯಾವ ನಂಬ್ಕೆ ಮ್ಯಾಲೆ ಕಟ್ದ್ರಿ?" ಎಂದಳು, ಉಪ್ಸಾರು ಬಡಿಸುತ್ತಾ. (ಬಡಿಸುತ್ತಿದ್ದಾಳೆ ಎಂದರೆ ಕೋಪ ಇನ್ನೂ ಪೂರ್ತಿ ಬಂದಿಲ್ಲ ಎಂದರ್ಥ.)

ಮೊಬೈಲ್ ತೋರಿಸಿದೆ. "ಇದು ಓಪನ್ ಇಂಟರೆಸ್ಟು ಅಂತ. ವ್ಯಾಪಾರ ಕುದುರಿ ಇನ್ನೂ ಮುಗೀದೆ ಉಳಿದಿರೋ ಲೆಕ್ಕ. ಇಪ್ಪತ್ತೈದು ಸಾವಿರದ ಮುಂದೆ ಎಷ್ಟುದ್ದ ಗೆರೆ ಅದೆ ನೋಡು. ಇಡೀ ದೇಸ ಅಲ್ಲೇ ಕೂತದೆ."

"ಅಂದ್ರೆ ಮುಂಗಡ ಕೊಟ್ಟು, ಕಾಯಿ ಕೆಡವದೆ ಬುಟ್ಟಿರೋ ತೋಟದ ಲೆಕ್ಕ."

"ಅದೇ ಕಣಮ್ಮಿ."

ನಮ್ಮ ಕಡೆ ತೋಟಗಳಿಗೆ ಮುಂಗಡ ಬಿದ್ದಷ್ಟೂ ಮಾರುಕಟ್ಟೆಗೆ ಕಾಯಿ ಕಡಿಮೆ, ರೇಟು ಜಾಸ್ತಿ. ಆ ಸನಾತನ ಸೂತ್ರ ಹಿಡಿದೇ ನಾನು ಉದ್ದ ಗೆರೆಯ ಹಿಂದೆ ಹೋಗಿದ್ದು.

"ಎಷ್ಟು ತೋಟ ಅವೆ?"

"ತೋಟ ಇಲ್ಲ."

"ಮರ?"

"ಮರನೂ ಇಲ್ಲ. ಒಬ್ಬ ತಗೋತೀನಿ ಅಂತಾನೆ, ಒಬ್ಬ ಕೊಡ್ತೀನಿ ಅಂತಾನೆ. ಇಬ್ರೂ ಒಪ್ಪುದ್ರೆ ಒಂದು ಕಾಯಿ ಹುಟ್ತು ಅನ್ಕೊ."

ಅವಳು ಸೌಟು ಕೆಳಗಿಟ್ಟಳು. "ಅಂಗಾದ್ರೆ ಬೇಕಾದಷ್ಟು ಹುಟ್ಟುಸ್ಬೋದಲ್ಲ, ರೇಟ್ ಯಾಕೇರ್ತದೆ? ತಗೊಂಡಿದ್ದು ಎಷ್ಟೋ, ಮಾರಿದ್ದೂ ಅಷ್ಟೇ ಅಲ್ವಾ? ಮಾರ್ದೋರು ಯಾರು?"

"ಮುಂಬೈ ಕಡೆ ದೊಡ್ಡ ಕುಳಗಳಿರ್ಬೇಕು."

"ದೊಡ್ಡೋರೆಲ್ಲ ದಾಟಲ್ಲ ಅಂತ ಮುಂಗಡ ಈಸ್ಕೊಂಡ್ ಕೂತವ್ರೆ. ನೀವು ದಾಟ್ತದೆ ಅಂತ ಕೊಟ್ಟು ಕೂತಿದ್ದೀರಿ."

ಇಪ್ಪತ್ತೆರಡು ವರ್ಷದ ಅನುಭವವನ್ನು ಮುದ್ದೆಯ ಜೊತೆ ತಟ್ಟೆಯಲ್ಲೇ ಬಿಟ್ಟು ಮೊಬೈಲ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಉದ್ದ ಗೆರೆ ಕುಗ್ಗತೊಡಗಿತು. ಮರಿಸಿದ್ದಯ್ಯನಿಗೆ ಫೋನ್ ಮಾಡಿದೆ.

"ಮಾರ್ದೋರು ಹೆದರ್ಕೊಂಡು ಓಡ್ತಾವ್ರೆ ಕಣ್ಲಾ. ಗಟ್ಟಿಯಾಗಿ ಇಡ್ಕೊ," ಎಂದ.

"ತಗೊಂಡೋರು ಓಡ್ತಿದ್ರೆ?"

"ಆಗ್ಲೂ ಗೆರೆ ಗಿಡ್ಡನೇ ಆಯ್ತದೆ," ಎಂದು ಫೋನಿಟ್ಟ.

ಎರಡು ಗಂಟೆಗೆ ನಿಫ್ಟಿ ಇಪ್ಪತ್ತೈದು ಸಾವಿರ ದಾಟಿಯೂ ದಾಟಿತು. ಆದರೆ ದಾಟಿದ್ದು ಒಂಚೂರು, ಗಡುವಿಗೆ ಉಳಿದದ್ದು ಒಂದೂವರೆ ಗಂಟೆ; ನನ್ನ ಒಂಬತ್ತು ಸಾವಿರದ ಮಾಲಿಗೆ ಆರು ಸಾವಿರವಷ್ಟೇ ತೋರಿಸುತ್ತಿತ್ತು.

"ಈಗ್ಲೇ ಮಾರ್ಬುಡಿ. ಅರ್ಧ ತೋಟಕ್ಕಾರ ಪೈಪಾಯ್ತದೆ," ಎಂದಳು.

"ನಷ್ಟಕ್ಕೆ ಮಾರಕೆ ನಾನೇನು ಇವತ್ತು ಮಾರ್ಕೆಟ್ಟಿಗೆ ಬಂದೋನಾ?" ಎಂದೆ.

ಮೂರೂವರೆಗೆ ನಿಫ್ಟಿ ಇಪ್ಪತ್ತೈದು ಸಾವಿರದ ಕೆಳಗೆ ಬಂದು ಮಲಗಿತ್ತು. ನನ್ನ ಹೆಸರಿನ ಮುಂದೆ ಸೊನ್ನೆ, ಎಳನೀರಿನಷ್ಟೇ ದುಂಡಗೆ.

ಹೊಂಬಾಳಮ್ಮ ಬೈಯಲಿಲ್ಲ. ಅಲ್ಲೇ ನನಗೆ ಭಯವಾಗಬೇಕಿತ್ತು. "ಮುಂಗಡ ಈಸ್ಕೊಂಡೋನು ಕೂತ ಜಾಗದಿಂದ ಏಳ್ನೇ ಇಲ್ವಾ?" ಎಂದು ಕೇಳಿದಳು.

"ಇಲ್ಲ."

"ಒಳ್ಳೆ ಕಸುಬು," ಎಂದು ತಟ್ಟೆ ಎತ್ತಿಕೊಂಡು ಹೋದಳು.

ಭಾನುವಾರ ನಾಟಿಕೋಳಿ ಸಾರು ಮಾಡೆಂದೆ. "ಮಾಡ್ತೀನಿ, ಇನ್ನೂರು ಮುಂಗಡ ಮಡಗಿ. ಎರಡು ಗಂಟೆ ಒಳಗೆ ಬಂದ್ರೆ ಊಟ ನಿಮ್ದು. ಬರ್ನಿಲ್ಲ ಅಂದ್ರೆ ಕೋಳಿನೂ ನಂದು, ಕಾಸೂ ನಂದು," ಎಂದಳು. ಲಾರಿ ತುಂಬಿಸಿ ಬರುವಷ್ಟರಲ್ಲಿ ಮೂರಾಗಿತ್ತು. ಅವಳೂ ಅವಳ ಅಕ್ಕ ಪಟ್ಟಲಮ್ಮನೂ ಕೈ ತೊಳೆಯುತ್ತಿದ್ದರು.

ಆಮೇಲೆ ಸಂಜೆಯ ಕಾಫಿಗೆ, ಬಿಸಿ ಮುದ್ದೆಗೆ, ಇಸ್ತ್ರಿ ಅಂಗಿಗೆ, ಎಲ್ಲಕ್ಕೂ ಮುಂಗಡ ಬಂತು. ಎಲ್ಲಕ್ಕೂ ಗಡುವು ಬಂತು. ಎಳನೀರಿನ ಲಾರಿಗಳು ಗಡುವಿಗೆ ಬರುವ ಜಾತಿಯವಲ್ಲ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಾಲ್ಕು ತಿಂಗಳಿಗೆ ಆ ಮುಂಗಡದ ಕಾಸಲ್ಲೇ ಬೆಳಕವಾಡಿಗೆ ಪೈಪು ಬಂತು. ಹೋದ ಭಾನುವಾರ ಬೆನ್ನು ಬಾಗಿಸಿ ಬುಡಬುಡಕ್ಕೂ ಜೋಡಿಸಿದವನು ನಾನೇ. ಬಿಸಿಲಿಗೆ ಬಾಯಿ ಒಣಗಿತ್ತು. ಬದುವಿನ ಮೇಲೆ ನಿಂತಿದ್ದವಳನ್ನು, "ಒಂದು ಎಳನೀರು ಕೆಡವುಸಮ್ಮಿ," ಎಂದು ಕೇಳಿದೆ.

ಅವಳು ಮರವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಕೈ ಚಾಚಿದಳು.

"ಗಡುವು ಇವತ್ತಿಗಾ, ಮಂಗಳವಾರಕ್ಕಾ?"